ಪುಣೆಯ ತುರಿಕೆ: ಒಂದು ಕಳೆಯ ಚರಿತ್ರೆ

ಖರಾಡಿಯಲ್ಲಿ ಕಟ್ಟಡವೇಳದೆ ಉಳಿದ ನಿವೇಶನಗಳನ್ನು ಮಳೆಗಾಲದಲ್ಲಿ ಬಿಳಿಹೂವಿನ ಗಿಡವೊಂದು ಆವರಿಸುತ್ತದೆ. ಮರಾಠಿಗರಿಗೆ ಅದು ಗಾಜರ್ ಗವತ್, ನಮ್ಮವರಿಗೆ ಕಾಂಗ್ರೆಸ್ ಗಿಡ, ಶಾಸ್ತ್ರಜ್ಞರಿಗೆ ಪಾರ್ಥೇನಿಯಮ್.

ಇದು ಅಮೆರಿಕದ ಪಿ.ಎಲ್. 480 ಗೋಧಿಯೊಡನೆ ಬಂದಿತೆಂಬುದು ಜನಜನಿತವಾದ ಮಾತು. ತಾರೀಖುಗಳು ಇದನ್ನು ಒಪ್ಪವು. ಆ ಶಾಸನವಾದುದು 1954ರಲ್ಲಿ. ಭಾರತದೊಡನೆ ಒಪ್ಪಂದವಾದುದು 1956ರಲ್ಲಿ. ಪುಣೆಯ ತಿಪ್ಪೆಗಳ ಮೇಲೆ ಪ್ರೊ. ಪರಾಂಜಪೆಯವರು ಈ ಗಿಡವನ್ನು ಕಂಡುದಾದರೋ 1951ರಲ್ಲಿ! ರಾಕ್ಸ್‌ಬರೋನ 1814ರ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿಯೇ ಇದರ ಹೆಸರುಂಟು. 1951ರಲ್ಲಿ ಸಾಲವಾಗಿ ಬಂದ ಗೋಧಿಯ ಮೇಲಣ ಸಂಶಯವೇನೋ ಉಳಿದಿದೆ; ಬ್ಯಾಂಕಿನವನಾದ ನನ್ನ ಕಣ್ಣು ಸಾಲದ ತಾರೀಖಿನತ್ತಲೇ ಮೊದಲು ಹೋಗುವುದು ಸಹಜ.

ಪುಣೆಯ ರೋಗಿಗಳ ಚರ್ಮದುರಿತಕ್ಕೆ ಈ ಗಿಡವೇ ಕಾರಣವೆಂದು ಲೋಣಕರ್, ಮಿಚೆಲ್, ಕ್ಯಾಲ್ನನ್ ಅವರು 1974ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಸುಬ್ಬರಾವ್ ಮತ್ತು ಸಂಗಡಿಗರ ಶೋಧನೆ 1977ರಲ್ಲಿ ಹೊರಬಂದಿತು. ಗಿಡದ ರೋಮಗಳಲ್ಲಿರುವ ಪಾರ್ಥೆನಿನ್ ಧೂಳಿನೊಡನೆ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳನ್ನು ಸೇರಿ ರಕ್ತದ ಬಿಳಿಯ ಕಣಗಳನ್ನು ಕೆರಳಿಸುತ್ತದೆ. ಹಿಸ್ಟಮಿನ್ ಇಲ್ಲಿ ಮುಖ್ಯ ಅಪರಾಧಿಯಲ್ಲ. ಆದ್ದರಿಂದಲೇ ಪಿತ್ತದ ಗಂಧೆಯ ಗುಳಿಗೆ ಇದನ್ನು ಅಷ್ಟಾಗಿ ಶಮನಗೊಳಿಸದು. ಸ್ಟೆರಾಯ್ಡ್ ಲೇಪ, ತೀವ್ರವಾದಲ್ಲಿ ಅಜಥಯೋಪ್ರಿನ್ ಬೇಕಾಗುತ್ತದೆ. ಸಂಪರ್ಕ ತಪ್ಪದಿದ್ದರೆ ಅದೂ ವ್ಯರ್ಥ. ಕಲಬುರಗಿ, ಯಾದಗಿರಿಗಳಿಂದ ಬಂದ ನಮ್ಮ ಕೂಲಿಯವರು ನಿವೇಶನ ಹಸನುಮಾಡುವಾಗ ಇದನ್ನು ಬರಿಗೈಯಲ್ಲಿಯೇ ಕೀಳುತ್ತಾರೆ.