ಹುಳು ಸಾಕಿದ ಸಾಹೇಬರು (ತೋಟದ ಪತಂಗಗಳು, ಭಾಗ 4)

ಪಾಲಿಬೆಟ್ಟದ ಕಡೆ ನಿಮ್ಮ ಮನೆ ಇದ್ರೆ, ಕಾಫಿ ಎಲೆ ತಿನ್ನೋ, ಬಾಲದ ತುದೀಲಿ ಪುಟ್ಟ ಕೊಂಬಿರೋ ಹಸಿರು ಹುಳುವನ್ನು ನೋಡಿರಬಹುದು. ಹೊಸಕಿ ಹಾಕೋ ಮುಂಚೆ ಒಂದು ನಿಮಿಷ ನಿಲ್ಲಿ 🙏

ಮುಂದೆ ಅದೇ ಗಾಜಿನ ರೆಕ್ಕೆಯ ಪತಂಗ ಆಗುತ್ತೆ. ಕೋಶದಿಂದ ಹೊರಬಂದಾಗ ರೆಕ್ಕೆ ಮೇಲೆ ಇರೋ ಪುಡಿ ಮೊದಲ ಹಾರಾಟದಲ್ಲೇ ಉದುರಿಹೋಗುತ್ತೆ. ಆಮೇಲೆ ಹಾಡಹಗಲೇ ಹೂವಿನ ಮುಂದೆ ದುಂಬಿ ಥರ ನಿಂತಲ್ಲೇ ಹಾರ್ತಿರುತ್ತೆ.

ಪತಂಗ ಗುರುತಿಸೋಕೆ ನಮಗೆ ಪುಸ್ತಕ ಕೊಟ್ಟವರು ಯಾರು ಗೊತ್ತಾ? ನೀಲಗಿರಿಯಲ್ಲಿ ಟೀ ತೋಟ ಮಾಡ್ತಿದ್ದ ಜಾರ್ಜ್ ಹ್ಯಾಂಪ್ಸನ್. ಲಂಡನ್‌ಗೆ ಮರಳಿ, 1892ರಿಂದ 1896ರೊಳಗೆ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ತಂದರು. ಮ್ಯೂಸಿಯಂನ ಒಣ ಪತಂಗ ನೋಡಿದರೆ ರೆಕ್ಕೆಯ ಬಣ್ಣ ತಿಳಿಯುತ್ತೆ, ಅದು ತಿಂದ ಸೊಪ್ಪು ತಿಳಿಯಲ್ಲ.

ಆ ಕೊರತೆ ತುಂಬಿದವರು ಕಾರವಾರದ ಅರಣ್ಯಾಧಿಕಾರಿ ಟಿ. ಆರ್. ಬೆಲ್. ಹುಳು ಹುಡುಕಿ ತಂದು, ಅದರ ಸೊಪ್ಪು ಹಾಕಿ ಸಾಕಿ, ರೆಕ್ಕೆ ಬರೋವರೆಗೂ ಕಾದು ಬರೆದಿಟ್ಟರು. ಎಫ್. ಬಿ. ಸ್ಕಾಟ್ ಜೊತೆ ಅವರು ಬರೆದ ಐದನೇ ಸಂಪುಟ ಬಂದದ್ದು 1937ರಲ್ಲಿ. ಬೆಲ್ 1948ರಲ್ಲಿ ಕಾರವಾರದಲ್ಲೇ ತೀರಿಕೊಂಡರು.

ಗಿಡ ಹೋದರೆ ಅದನ್ನೇ ನಂಬಿದ ಪತಂಗವೂ ಹೋಗುತ್ತೆ. ಹಾಗಾಗಿ ಫೋಟೋ ಹಾಕುವಾಗ ತಾರೀಖು, ಊರು, ಜೊತೆಗೆ ಗಿಡದ ಹೆಸರೂ ಬರೀರಿ. ನಿಮ್ಮ ತೋಟದಲ್ಲಿ ಯಾವ ಹುಳು ಯಾವ ಗಿಡದ ಮೇಲಿತ್ತು? ಕೆಳಗೆ ಹೇಳಿ 👇

#ಪತಂಗ #ಪಾಲಿಬೆಟ್ಟ #ಕೊಡಗು