ಕಲ್ಲು, ಮಣ್ಣು, ಮಾಳಿಗೆ: ನಮ್ಮ ಸೀಮೆಯ ಕಟ್ಟಡಗಳ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವು ಖರ್ಚಿನ ಭಾರವನ್ನು ಹೇಳುವಾಗ ಬಳಸುತ್ತೇವೆ. ಆದರೆ ಮನೆ ಕಟ್ಟುವುದು ಕೇವಲ ಹಣದ ಮಾತಲ್ಲ. ಒಂದು ನಾಡಿನ ಬಿಸಿಲು, ಮಳೆ, ಕಲ್ಲು, ಮಣ್ಣು, ಆಳಿದ ಅರಸರು, ಹಾದುಹೋದ ದಂಡುಗಳು, ನಂಬಿದ ದೇವರು ಎಲ್ಲವೂ ಕೂಡಿ ಅಲ್ಲಿನ ಗೋಡೆ, ಬಾಗಿಲು, ಮಾಳಿಗೆಗಳನ್ನು ರೂಪಿಸುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ನೋಡಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಮೊದಲು ಕಲ್ಲಿನಿಂದ ಆರಂಭಿಸೋಣ. ಗಂಗಾವತಿಯ ಸಮೀಪದ ಹಿರೇಬೆಣಕಲ್ ಬೆಟ್ಟದ ಮೇಲೆ ನಾನೂರರಷ್ಟು ಬೃಹತ್ ಶಿಲಾ ಸಮಾಧಿಗಳಿವೆ. ಅವು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಅಲ್ಲಿಯೇ ಬಂಡೆಯನ್ನು ಸೀಳಿ ತೆಗೆದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. 2021ರಲ್ಲಿ ಈ ತಾಣವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೊಪ್ಪಳದಲ್ಲಿ ಅಶೋಕನ ಶಾಸನವಿರುವ ಪಾಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಪ್ರಕೃತಿಯೇ ಒಂದು ಹಾಸುಬಂಡೆಯನ್ನು ಪಲ್ಲಕ್ಕಿಯಂತೆ ಇಟ್ಟಿದೆ. ಎರಡನ್ನೂ ನೋಡಿದಾಗಲೆಲ್ಲ ನನಗನ್ನಿಸುವುದಿಷ್ಟು: ನಮ್ಮ ಸೀಮೆಯ ಮೊದಲ ಶಿಲ್ಪಿಗೆ ಈ ಬೆಟ್ಟಗಳೇ ಗುರುಗಳಾಗಿದ್ದಿರಬೇಕು. ಕಂಬ ನಿಲ್ಲಿಸಿ ಮೇಲೆ ತೊಲೆ ಹೇರುವ ಕ್ರಮವನ್ನು ಅವು ಕಣ್ಣೆದುರಿಗೇ ತೋರಿಸುತ್ತಿದ್ದವು.

ಮುಂದೆ ದೇವಾಲಯಗಳು ಬಂದವು. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು, ಈಗ ತಾನೇ ತಾಲೂಕು ಕೇಂದ್ರವಾಗಿರುವ ಕುಕನೂರಿನ ನವಲಿಂಗ ಗುಡಿಗಳು ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದವು. ಅಲ್ಲಿಂದ ಕೆಲವೇ ಮೈಲು ದೂರದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆ ಹೊಗಳಿಕೆಯ ಹಿಂದೆ ಕಲ್ಲಿನ ಗುಣವೂ ಇದೆ. ಗಟ್ಟಿಯಾದ ಗ್ರಾನೈಟ್ ಉಳಿಗೆ ಸುಲಭವಾಗಿ ಮಣಿಯದು. ಇಟಗಿಯ ಶಿಲ್ಪಿಗಳು ಬಳಸಿದ ಮೆದುವಾದ ಬಳಪದ ಕಲ್ಲು ಮಣಿಯುತ್ತದೆ. ಅದಕ್ಕೇ ಅಲ್ಲಿ ಬಾಗಿಲುವಾಡದ ಬಳ್ಳಿಗಳು ಅಷ್ಟು ಸೂಕ್ಷ್ಮ, ಕಂಬಗಳು ಅಷ್ಟು ನುಣುಪು. ತೆರೆದ ಮಂಟಪದ ಅಂಚಿನ ಕಲ್ಲಿನ ಆಸನದ ಮೇಲೆ ಸುಡುಬಿಸಿಲಿನ ಹೊತ್ತಿನಲ್ಲಿ ಕುಳಿತು ನೋಡಿ. ಹೊರಚಾಚಿದ ಸೂರು ಬಿಸಿಲನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ.

ಆನೆಗೊಂದಿಗೆ ಬಂದರೆ ಇತಿಹಾಸ ಮತ್ತೊಂದು ರೂಪ ತೋರುತ್ತದೆ. ವಿಜಯನಗರದ ಅರಸರು ಗುಡಿಗಳಿಗೆ ಕಂಬ-ತೊಲೆಯ ಕ್ರಮವನ್ನೇ ಉಳಿಸಿಕೊಂಡರು. ಅರಮನೆಯ ಕಟ್ಟಡಗಳಿಗಾದರೋ ಸುಲ್ತಾನರ ನಾಡಿನ ಕಮಾನು, ಗುಮ್ಮಟ, ಗಾರೆಯ ಕೆಲಸಗಳನ್ನು ಸಂಕೋಚವಿಲ್ಲದೆ ತಂದುಕೊಂಡರು. ಆನೆಗೊಂದಿಯ ಗಗನ ಮಹಲಿನಲ್ಲಿ ಈ ಬೆರಕೆಯನ್ನು ಕಾಣಬಹುದು. ಯುದ್ಧಭೂಮಿಯಲ್ಲಿ ಎದುರಾದವರು ಗೋಡೆ ಕಟ್ಟುವಾಗ ಪರಸ್ಪರ ಕಲಿತರು. ಕಮಾನು, ದರವಾಜೆ, ದಿವಾನಖಾನೆ ಎಂಬ ಮಾತುಗಳು ನಮ್ಮ ನಾಲಗೆಗೆ ಬಂದದ್ದೂ ಇಂಥ ಸಂಪರ್ಕದಿಂದಲೇ. ಕೊಪ್ಪಳದ ಕೋಟೆಯದೂ ಇಂಥದೇ ಕಥೆ. 1786ರಲ್ಲಿ ಅದನ್ನು ವಶಪಡಿಸಿಕೊಂಡ ಟಿಪ್ಪು ಸುಲ್ತಾನನು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. 1858ರಲ್ಲಿ ಮುಂಡರಗಿ ಭೀಮರಾಯನು ಬ್ರಿಟಿಷರ ವಿರುದ್ಧ ಅದೇ ಕೋಟೆಯನ್ನು ಹಿಡಿದನು.

ಅರಸರ ಕಟ್ಟಡಗಳಿಗಿಂತ ನನ್ನನ್ನು ಹೆಚ್ಚು ಸೆಳೆದಿರುವುದು ರೈತನ ಮಾಳಿಗೆ ಮನೆ. ನಮ್ಮಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಲೆನಾಡಿನವರು ಸುರಿವ ಮಳೆಗಾಗಿ ಇಳಿಜಾರು ಹೆಂಚಿನ ಸೂರು ಕಟ್ಟಿದರೆ ನಾವು ಬಿಸಿಲಿಗಾಗಿ ಸಮತಟ್ಟು ಮಣ್ಣಿನ ಮಾಳಿಗೆ ಕಟ್ಟಿದೆವು. ಇದೇ ಹವೆಯ ಇರಾನ್, ಯೆಮನ್ ದೇಶಗಳವರೂ ಇದೇ ಉತ್ತರ ಕಂಡುಕೊಂಡಿದ್ದಾರೆ. ಗೋಡೆ ಎರಡು ಅಡಿಗೂ ಮಿಕ್ಕ ದಪ್ಪ, ಕಲ್ಲು-ಮಣ್ಣಿನದು. ಹಗಲಿನ ಕಾವು ಅದನ್ನು ನಿಧಾನವಾಗಿ ದಾಟಿ ಒಳಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗಿರುತ್ತಾರೆ. ತೊಲೆ, ಅದರ ಮೇಲೆ ಜಂತಿ, ಕಟ್ಟಿಗೆಯ ತುಂಡು, ಬೇವಿನ ಸೊಪ್ಪು, ಹಸಿಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆ ಬೆಳೆಯಲಾರದ ಈ ಉಪ್ಪುಮಣ್ಣು ನೆನೆದಾಗ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದು. ಹೊಲಕ್ಕೆ ಶಾಪವಾದದ್ದನ್ನು ಮಾಳಿಗೆಗೆ ವರವಾಗಿಸಿಕೊಂಡ ಆ ಜಾಣ್ಮೆಯನ್ನು ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ. ಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗಿನ ನೆಲ, ಗೋದಲಿ; ಆಚೆಗೆ ಎತ್ತರದ ಪಡಸಾಲೆ, ನಡುಮನೆ, ದೇವರ ಜಗಲಿ; ತಲೆಯ ಮೇಲೊಂದು ಬೆಳಕಿಂಡಿ. ಜೋಳವಿಡಲು ನೆಲದೊಳಗೆ ಹಗೇವು.

ಕಿಟಕಿಗಳು ಸಣ್ಣವು, ಇರುವುದೂ ಕಡಿಮೆ. ಅದಕ್ಕೆ ಬಿಸಿಲಷ್ಟೇ ಕಾರಣವಲ್ಲ, ಭಯವೂ ಕಾರಣ. ಊರಿಗೊಂದು ಅಗಸಿ, ಕಾವಲಿಗೊಂದು ಹುಡೇವು ಇದ್ದ ಕಾಲ ಅದು. ದಂಡು, ದರೋಡೆಗಳಿಂದ ದನವನ್ನೂ ಕಾಳನ್ನೂ ಉಳಿಸಿಕೊಳ್ಳಲು ಮನೆಯೂ ಒಂದು ಚಿಕ್ಕ ಕೋಟೆಯಾಗಬೇಕಿತ್ತು.

ಹಾಗೆಂದು ಹಳೆಯದೆಲ್ಲ ಚೆನ್ನವೆಂದು ನಾನು ಹೇಳಲಾರೆ. ಒಳಗೆ ಕತ್ತಲೆ, ಅಡುಗೆಮನೆಯಲ್ಲಿ ಹೊಗೆ. ಆ ಹೊಗೆ ಕುಡಿದವರು ನಮ್ಮ ತಾಯಂದಿರು. ಮನೆಯ ಮುಂದಿನ ಕಟ್ಟೆಯ ಮೇಲೆ ಯಾರು ಕೂಡಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ವಾಸ್ತುವನ್ನು ಸಂಸ್ಕೃತಿ ರೂಪಿಸುತ್ತದೆ ಎನ್ನುವಾಗ ಈ ಕಹಿಯನ್ನೂ ಸೇರಿಸಿ ಹೇಳಬೇಕು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿಯ ಕಡೆ ಭತ್ತ ಬಂತು, ಆಂಧ್ರದ ವಲಸಿಗರ ಕ್ಯಾಂಪುಗಳು ಬಂದವು, ಹಿಂದೆಯೇ ಸಿಮೆಂಟೂ ಬಂತು. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹೊರುವವರು ಕಡಿಮೆಯಾದರು. ಆರೈಕೆ ತಪ್ಪಿದ ಮಣ್ಣಿನ ಮನೆ ಅಪಾಯಕಾರಿ. 2009ರ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಇಂಥ ಮನೆಗಳು ಕುಸಿದುಬಿದ್ದವು. ಜನ ಆರ್.ಸಿ.ಸಿ. ಮನೆ ಬಯಸಿದ್ದು ಸಹಜವೇ. ಆದರೆ ತೆಳುಗೋಡೆಯ, ನೆರಳಿಲ್ಲದ ಆ ಮನೆಗಳು ಹಗಲೆಲ್ಲ ಕಾದು ರಾತ್ರಿ ಬೆಂಕಿಯುಗುಳುತ್ತವೆ. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ಅದರ ಅನುಭವ ಎಲ್ಲರಿಗೂ ಆಗುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಇಂಜಿನಿಯರುಗಳು. ಬಂಧುಗಳಲ್ಲಿ ಹಲವರು ಊರಿನಲ್ಲಿ ಹೊಸ ಮನೆ ಕಟ್ಟಿಸುವ ಯೋಚನೆಯಲ್ಲಿದ್ದೀರಿ. ಮಣ್ಣಿನ ಮನೆಗೇ ಮರಳಿರೆಂದು ನಾನು ಹೇಳುವುದಿಲ್ಲ. ಪಶ್ಚಿಮದ ಗೋಡೆಯನ್ನು ದಪ್ಪವಾಗಿಸಿ, ಕಿಟಕಿಗೆ ಅಗಲವಾದ ಸಜ್ಜೆ ಕೊಡಿ, ಬಿಸಿಗಾಳಿ ಮೇಲೇರಿ ಹೋಗಲು ಬೆಳಕಿಂಡಿಯಂಥದೊಂದು ದಾರಿ ಬಿಡಿ. ಹಳೆಯ ಮನೆಯನ್ನು ಕೆಡವುವ ಮುನ್ನ ಅದರ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಯಾವ ತೊಲೆ ಯಾವ ಮರದ್ದು, ಚೌಳು ಮಣ್ಣು ಯಾವ ಹೊಲದಿಂದ ಬರುತ್ತಿತ್ತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಅದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಇಟಗಿಯ ಮಹಾದೇವನಿಗೆ ಶಾಸನವಿದೆ; ಮಾಳಿಗೆ ಕಟ್ಟಿದ ನಿಮ್ಮ ಮುತ್ತಜ್ಜನಿಗೆ ಆ ಒಂದು ಹಾಳೆಯೇ ಶಾಸನ.