ಹಾರ್ಡಿಂಗನ ಕಾಗದಪತ್ರಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ 29ನೆಯ ಅಧ್ಯಕ್ಷನಾದ ವಾರನ್ ಹಾರ್ಡಿಂಗನು 1923ನೆಯ ಇಸವಿಯ ಆಗಸ್ಟ್ 2ರಂದು, ಪ್ರವಾಸದಲ್ಲಿರುವಾಗಲೇ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಾಲವಾದನು. ಉತ್ತರಕ್ರಿಯೆಗಳು ಮುಗಿದೊಡನೆಯೇ ಆತನ ಪತ್ನಿಯಾದ ಫ್ಲಾರೆನ್ಸಳು ಶ್ವೇತಭವನಕ್ಕೆ ಹಿಂದಿರುಗಿ, ಪತಿಯ ಕಾಗದಪತ್ರಗಳನ್ನು ಆರಿಸಿ ಬೆಂಕಿಗೆ ಹಾಕತೊಡಗಿದಳು. ಸ್ನೇಹಿತೆಯೊಬ್ಬಳ ಬಂಗಲೆಯಲ್ಲಿಯೂ, ಆಮೇಲೆ ಒಹಾಯೋ ಸಂಸ್ಥಾನದಲ್ಲಿದ್ದ ತಮ್ಮ ಊರಾದ ಮೇರಿಯನ್ನಿನಲ್ಲಿಯೂ ಈ ಕಾರ್ಯವು ಮುಂದುವರಿಯಿತು. 1924ರ ನವೆಂಬರಿನಲ್ಲಿ ಆಕೆಯೂ ತೀರಿಕೊಂಡಳು.

ಆ ದೇಶದ ಅಂದಿನ ಕಟ್ಟಳೆಯಂತೆ ಇದೇನೂ ಅಪರಾಧವಲ್ಲ. ವಾಷಿಂಗ್ಟನ್ನನು ಅಧಿಕಾರವನ್ನು ಬಿಟ್ಟು ಹೊರಡುವಾಗ ತನ್ನ ಕಾಗದಗಳನ್ನು ಮನೆಗೆ ಒಯ್ದಂದಿನಿಂದ, ಅಧ್ಯಕ್ಷನ ಪತ್ರಗಳೆಲ್ಲವೂ ಆತನ ಸ್ವಂತ ಸ್ವತ್ತೆಂದೇ ನಡೆದುಬಂದಿತ್ತು. ಮಂತ್ರಿಗೆ ಬರೆದುದಕ್ಕೂ ಮಡದಿಗೆ ಬರೆದುದಕ್ಕೂ ಭೇದವಿರಲಿಲ್ಲ. ಥಿಯೋಡೋರ್ ರೂಸವೆಲ್ಟನು 1917ರಲ್ಲಿ ತನ್ನ ಪತ್ರಗಳನ್ನು ಕಾಂಗ್ರೆಸ್ಸಿನ ಗ್ರಂಥಭಂಡಾರಕ್ಕೆ ಒಪ್ಪಿಸತೊಡಗಿದನಷ್ಟೆ. ಅದು ಆತನ ಔದಾರ್ಯ. ಈ ಪತ್ರಗಳು ರಾಷ್ಟ್ರದ ಸ್ವತ್ತೆಂದು ಶಾಸನವಾದುದು 1978ರಲ್ಲಿ.

ಪತಿಯ ಹೆಸರಿಗೆ ಕಳಂಕ ಬಾರದಿರಲೆಂದು ಆ ಸತಿಯು ಮಾಡಿದ ಕಾರ್ಯವು ಕಳಂಕವನ್ನೇ ದಟ್ಟಮಾಡಿತು. ವಯೋಮಿಂಗ್ ಸೀಮೆಯ ಟೀಪಾಟ್ ಡೋಮ್ ಎಂಬಲ್ಲಿನ ಸರಕಾರಿ ಎಣ್ಣೆಯ ನೆಲವನ್ನು ಲಂಚಕ್ಕೆ ಗುತ್ತಿಗೆ ಕೊಟ್ಟ ಹಗರಣವು ಆಗಲೇ ಬಯಲಾಗುತ್ತಿತ್ತು. ಹಾರ್ಡಿಂಗನ ಮಂತ್ರಿಯಾಗಿದ್ದ ಆಲ್ಬರ್ಟ್ ಫಾಲನು ಅದಕ್ಕಾಗಿ 1931ರಲ್ಲಿ ಸೆರೆಮನೆಯನ್ನು ಸೇರಿದನು. ಸುಟ್ಟ ಕಾಗದಗಳಲ್ಲಿ ಏನಿತ್ತೋ ಎಂಬ ಊಹೆಗೆ ಮೇರೆಯೇ ಇಲ್ಲವಾಯಿತು. ಆದರೆ ಆಕೆಯು ಸುಟ್ಟುದು ಎಲ್ಲವನ್ನೂ ಅಲ್ಲ. ಮೇರಿಯನ್ನಿನ ಸ್ಮಾರಕ ಸಂಘವು ದಶಕಗಳ ಕಾಲ ಮುಚ್ಚಿಟ್ಟಿದ್ದ ರಾಶಿಯು 1964ರಲ್ಲಿ ಒಹಾಯೋ ಇತಿಹಾಸ ಸಂಘದಲ್ಲಿ ವಿದ್ವಾಂಸರಿಗೆ ತೆರೆಯಿತು. ಲಂಚದಲ್ಲಿ ಅಧ್ಯಕ್ಷನಿಗೆ ಪಾಲಿತ್ತೆಂಬುದಕ್ಕೆ ಅದರಲ್ಲಿ ಆಧಾರವು ದೊರೆಯಲಿಲ್ಲ. ಬೂದಿಯಾದುದರ ಮಾತನ್ನು ಯಾರು ಹೇಳಬಲ್ಲರು?

ಆಕೆಯ ಬೆಂಕಿಗೆ ನಿಲುಕದ ಇನ್ನೊಂದು ಕಟ್ಟು ಅದೇ ಊರಿನಲ್ಲಿ, ಕ್ಯಾರಿ ಫಿಲಿಪ್ಸ್ ಎಂಬಾಕೆಯ ಮನೆಯ ಬೀಗ ಹಾಕಿದ ಕೋಣೆಯೊಂದರಲ್ಲಿ ಭದ್ರವಾಗಿತ್ತು. ಆಕೆ ಹಾರ್ಡಿಂಗನ ಮಿತ್ರನೊಬ್ಬನ ಹೆಂಡತಿ. ಹಾರ್ಡಿಂಗನು 1910ರಿಂದ ಹತ್ತು ವರ್ಷ ಆಕೆಗೆ ಬರೆದ ಪ್ರೇಮಪತ್ರಗಳು ಅವು. ಆಕೆಯ ವೃದ್ಧಾಪ್ಯದಲ್ಲಿ ವಕೀಲನೊಬ್ಬನು ಅವನ್ನು ಕಂಡು ಕಾಪಾಡಿದನು. 1964ರಲ್ಲಿ ಸುದ್ದಿಯು ಹೊರಬಿದ್ದೊಡನೆ ಹಾರ್ಡಿಂಗನ ವಂಶಸ್ಥರು ನ್ಯಾಯಾಲಯಕ್ಕೆ ಹೋದರು. ಅವುಗಳನ್ನು ನೋಡಿದ್ದ ಫ್ರಾನ್ಸಿಸ್ ರಸೆಲನು 1968ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ, ಉದ್ಧರಿಸಬೇಕಾದೆಡೆಗಳನ್ನು ಖಾಲಿಬಿಟ್ಟೇ ಅಚ್ಚು ಹಾಕಿಸಿದನು! ಕೊನೆಗೆ 1972ರಲ್ಲಿ ಪತ್ರಗಳು ಕಾಂಗ್ರೆಸ್ಸಿನ ಗ್ರಂಥಭಂಡಾರವನ್ನು ಸೇರಿದುವು. 2014ರ ಜುಲೈ 29ರವರೆಗೆ ತೆರೆಯಕೂಡದೆಂಬುದು ಕರಾರು.

ತೆರೆದಾಗ ಕಂಡುದು ಬರಿಯ ಶೃಂಗಾರವಲ್ಲ. ಕ್ಯಾರಿಯು ಜರ್ಮನಿಯ ಪಕ್ಷಪಾತಿ. ಹಾರ್ಡಿಂಗನು ಆಗ ಸೆನೆಟ್ ಸಭೆಯ ಸದಸ್ಯ. ಯುದ್ಧವನ್ನು ವಿರೋಧಿಸಬೇಕೆಂದು ಆಕೆ ಒತ್ತಾಯಿಸಿದರೂ ಆತನು 1917ರ ಏಪ್ರಿಲಿನಲ್ಲಿ ಯುದ್ಧದ ಪರವಾಗಿಯೇ ಮತವಿತ್ತನು. ರಾಜ್ಯದ ವಿಚಾರವೂ ಅಂತರಂಗದ ಅಳಲೂ ಆ ಪತ್ರಗಳಲ್ಲಿ ಒಂದರೊಳಗೊಂದು ಬೆರೆತಿವೆ. ಅವುಗಳಲ್ಲಿ ಹಲವನ್ನು ಆತನು ಬರೆದುದು ಸೆನೆಟ್ಟಿನ ಶಿರೋನಾಮೆಯುಳ್ಳ ಹಾಳೆಗಳ ಮೇಲೆ.